ಓಣಿಯಲ್ಲಿ ನಡೆದ ಸೂಜಿ

ಎರೆ ಹೊಲಗಳ ನಡುವೆ ಒಂದು ಊರು. ಅಲ್ಲಿ ತಂಗೆವ್ವ ಎಂಬಾಕೆ ತನ್ನ ಮನೆಯ ಪಡಸಾಲೆಯಲ್ಲಿ ಹುಡುಗಿಯರಿಗೆ ಕಸೂತಿ ಕಲಿಸುತ್ತಿದ್ದಳು. ಊರವರು ಅದನ್ನು ಕಸೂತಿ ಸಾಲಿ ಎನ್ನುತ್ತಿದ್ದರು, ಕಲಿಯುವ ಹುಡುಗಿಯರು ತಂಗೆವ್ವನನ್ನು ಅಕ್ಕೋರು ಎನ್ನುತ್ತಿದ್ದರು. ಗಂಟೆ ಇಲ್ಲ, ಬೆಂಚು ಇಲ್ಲ. ಒಂದು ಹಳೆಯ ಜಮಖಾನೆ, ಬಾಗಿಲಿನಿಂದ ಬೀಳುವ ಬಿಸಿಲು, ಆ ಬಿಸಿಲಿನಲ್ಲಿ ಎಲ್ಲಿಗೂ ಅವಸರವಿಲ್ಲದೆ ತೇಲುವ ಹತ್ತಿಯ ಧೂಳು. ಮಧ್ಯಾಹ್ನ ಆ ಮನೆಯ ಮುಂದೆ ಹಾದುಹೋದವರಿಗೆ ಒಳಗಿಂದ ಒಂದು ರಾಗ ಕೇಳುತ್ತಿತ್ತು.

“ನಾಕು ಎಳಿ ಮ್ಯಾಲ... ನಾಕು ಎಳಿ ಬಿಡು... ನಾಕು ಎಳಿ ಬಲಕ... ನಾಕು ಎಳಿ ಬಿಡು...”

ತಂಗೆವ್ವ ಮೊದಲು ಹೇಳುವಳು, ಹುಡುಗಿಯರು ಹಿಂದಿನಿಂದ ಹೇಳುವರು. ಆ ದನಿಗೆ ತೊಲೆಯ ಮೇಲಿನ ಪಾರಿವಾಳಗಳಿಗೆ ಜೊಂಪು ಹತ್ತುತ್ತಿತ್ತು. ಕಟ್ಟೆಯ ಮೇಲೆ ಕುಳಿತ ಮುದುಕರು ಎಲೆಗೆ ಸುಣ್ಣ ಹಚ್ಚುವುದನ್ನು ಮರೆತು ಕಣ್ಣು ಮುಚ್ಚುತ್ತಿದ್ದರು. ಇಡೀ ಓಣಿಯೇ ಒಂದು ಗಳಿಗೆ ಎಲ್ಲೋ ತೇಲಿ ಹೋಗಿ ಮರಳಿ ಬಂದಂತೆ ಇರುತ್ತಿತ್ತು.

ಕಸೂತಿಯನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು ಹೇಳಬೇಕು. ಅದು ಬಟ್ಟೆಯ ಮೇಲೆ ಗೆರೆ ಬರೆದುಕೊಂಡು ಹೊಲಿಯುವ ಕೆಲಸವಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಇಳಿಸಬೇಕು. ಅದರಲ್ಲೂ ಗವಂತಿ ಎಂಬ ಹೊಲಿಗೆ ಬಲು ಹಟಮಾರಿ. ಹೋಗುವಾಗ ಒಂದು ಹೊಲಿಗೆ ಹಾಕಿ, ಒಂದರಷ್ಟು ಜಾಗ ಖಾಲಿ ಬಿಡುತ್ತಾ ಹೋಗಬೇಕು. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾ, ಹೊರಟಲ್ಲಿಗೇ ಬಂದು ಸೇರಬೇಕು. ಗಂಟು ಹಾಕುವಂತಿಲ್ಲ. ಸರಿಯಾಗಿ ಹೊಲಿದರೆ ಸೀರೆಯ ಮೇಲೆ ಒಂದು ದೀಪ, ತಿರುವಿ ನೋಡಿದರೆ ಹಿಂದೆಯೂ ಅದೇ ದೀಪ. ಎಲ್ಲಾದರೂ ದಾರಿ ತಪ್ಪಿತೋ, ಸೂಜಿ ಮುಂದೆಯೂ ಹೋಗಲಾರದೆ, ಮನೆಗೂ ಬರಲಾರದೆ ನಡುವೆಯೇ ನಿಂತುಬಿಡುತ್ತದೆ.

ತಂಗೆವ್ವನಿಗೆ ಇದನ್ನು ಕಲಿಸಿದ ಗುರು ರಾಗದಲ್ಲೇ ಕಲಿಸಿದ್ದಳು. ತಂಗೆವ್ವನ ಕಿವಿಯೋ, ಒಮ್ಮೆ ಒಳಗೆ ಹೋದದ್ದನ್ನು ಹೊರಗೆ ಬಿಡದ ಕಿವಿ. ಚಿಕ್ಕವಳಿದ್ದಾಗ ಒಂದು ಸಲ ಕೇಳಿದರೆ ಸಾಕು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇಡೀ ಚಿತ್ತಾರದ ಲೆಕ್ಕ ಒಪ್ಪಿಸುತ್ತಿದ್ದಳು. ಹಾಗಾಗಿ ಕಲಿಯುವುದೆಂದರೆ ಕೇಳುವುದು ಎಂದೇ ಆಕೆ ತಿಳಿದಿದ್ದಳು. ತನಗೆ ರುಚಿಸಿದ ಅಡುಗೆಯನ್ನು ಬಂದವರಿಗೆಲ್ಲ ಒತ್ತಾಯ ಮಾಡಿ ಬಡಿಸುವವರಿದ್ದಾರಲ್ಲ, ಹಾಗೆ. ಆಕೆಯ ಸಾಲಿಯಲ್ಲಿ ಒಂದೇ ಕಟ್ಟಳೆ ಇತ್ತು. ಲೆಕ್ಕ ಬಾಯಿಗೆ ಬಂದ ಮೇಲೆಯೇ ಕೈಗೆ ಸೂಜಿ.

ಎಷ್ಟೋ ಹುಡುಗಿಯರು ಹೀಗೇ ಕಲಿತು ಹೋಗಿದ್ದರು. ಈಗಿನವರಲ್ಲಿ ಹುಸೇನಬಿ ಎಂಬವಳು ಎಲ್ಲರಿಗಿಂತ ಮುಂದಿದ್ದಳು. ಲೆಕ್ಕದ ರಾಗ ಅವಳ ಬಾಯಲ್ಲಿ ಎಷ್ಟು ಇಂಪಾಗಿತ್ತೆಂದರೆ ತಂಗೆವ್ವ ಒಮ್ಮೊಮ್ಮೆ ತಾನು ಸುಮ್ಮನಾಗಿ ಅವಳಿಂದಲೇ ಹೇಳಿಸುತ್ತಿದ್ದಳು. ದ್ಯಾಮವ್ವ ಎಂಬ ಇನ್ನೊಬ್ಬಳು ಹೇಗೋ ಕುಂಟುತ್ತಾ ಜೊತೆಗೆ ಬರುತ್ತಿದ್ದಳು. ಹೊಸ್ತಿಲ ಬಳಿ ಕೂರುತ್ತಿದ್ದ ರಾಚವ್ವನ ಕೈಗೆ ಮಾತ್ರ ಸೂಜಿ ಬಂದಿರಲೇ ಇಲ್ಲ.

ರಾಚವ್ವ ದಡ್ಡಿಯಲ್ಲ, ಸೋಮಾರಿಯೂ ಅಲ್ಲ. ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸುವವಳು ಅವಳೇ. ಆದರೆ ಲೆಕ್ಕ ಅವಳ ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ, ಬಿದಿರು ಬುಟ್ಟಿಗೆ ನೀರು ಸುರಿದಂತೆ ಇಳಿದು ಹೋಗುತ್ತಿತ್ತು. ಮೊದಲ ಸಾಲು ಹೇಳುವಷ್ಟರಲ್ಲಿ ಎರಡನೆಯದು ಮರೆಯುವಳು, ಎರಡನೆಯದು ನೆನಪಾದಾಗ ಮೊದಲನೆಯದು ಮಾಯ. ಸಾಲದ್ದಕ್ಕೆ ಅವಳ ಕಾಲುಗಳು ಸುಮ್ಮನಿರುತ್ತಿರಲಿಲ್ಲ. ಲಂಗದ ಅಂಚಿನಡಿ ಬೆರಳುಗಳು ಸದಾ ಆಡುತ್ತಲೇ ಇರುತ್ತಿದ್ದವು.

“ಕಾಲು ಸುಮ್ಮ ಇಡವಾ,” ಎನ್ನುವಳು ತಂಗೆವ್ವ. “ಲೆಕ್ಕ ಕಿವಿಯಾಗ ಬರತೈತಿ, ಕಾಲಾಗಲ್ಲ.”

ರಾಚವ್ವ ಪಾದಗಳನ್ನು ಲಂಗದೊಳಗೆ ಎಳೆದುಕೊಳ್ಳುವಳು. ಬಾಗಿಲಾಚೆಯ ಬಿಳಿ ಬಿಸಿಲಿನಲ್ಲಿ ಅವಳ ಕಣ್ಣು ಕಳೆದುಹೋಗುತ್ತಿತ್ತು.

ಹೀಗಿರುವಾಗ ರಾಚವ್ವನ ಅಕ್ಕ ಶಿವಕ್ಕನ ಮದುವೆ ಗೊತ್ತಾಯಿತು.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಗೆ ಸಾಲಿಯ ಹುಡುಗಿಯರೆಲ್ಲ ಸೇರಿ ಕಸೂತಿ ಹಾಕುತ್ತಿದ್ದರು. ಆನೆಯೋ ನವಿಲೋ ತುಳಸಿಕಟ್ಟೆಯೋ, ಯಾರು ಬೇಕಾದರೂ ಹಾಕಬಹುದು. ಸೆರಗಿನ ನಟ್ಟನಡುವಿನ ದೀಪವನ್ನು ಮಾತ್ರ ತವರಿನ ಹೆಣ್ಣುಮಗಳೇ ಹಾಕಬೇಕು, ತಾಯಿ ಇಲ್ಲವೇ ಒಡಹುಟ್ಟಿದವಳು. ಹಾಗೆ ಹಾಕುವವರು ಇಲ್ಲದಿದ್ದರೆ ಆ ಜಾಗವನ್ನು ಕಪ್ಪಗೇ ಬಿಡುತ್ತಿದ್ದರು. ಅಂಥ ಸೀರೆ ಉಟ್ಟು ಹೋದವಳನ್ನು ಗಂಡನ ಊರಿನ ಹೆಂಗಸರು ಏನೂ ಅನ್ನುತ್ತಿರಲಿಲ್ಲ, ನಿಜ. ಸೆರಗು ನೋಡಿ ಲೊಚಗುಟ್ಟಿ ಸುಮ್ಮನಾಗುತ್ತಿದ್ದರು. ಆ ಲೊಚಗುಟ್ಟುವಿಕೆಯೇ ಸಾಕಾಗಿತ್ತು.

ಶಿವಕ್ಕ, ರಾಚವ್ವರ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಇಬ್ಬರನ್ನೂ ಸಾಕಿದವಳು ಅಜ್ಜಿ. ಶಿವಕ್ಕನ ಸೆರಗಿಗೆ ದೀಪ ಹಾಕಬಹುದಾದವಳು ಈ ಲೋಕದಲ್ಲಿ ರಾಚವ್ವ ಒಬ್ಬಳೇ.

ತಂಗೆವ್ವ ತನ್ನ ಕಟ್ಟಳೆಯನ್ನು ಬದಿಗಿಟ್ಟು ರಾಚವ್ವನ ಕೈಗೆ ಸೂಜಿ ಕೊಟ್ಟಳು. ಒಂದು ಹಳೆಯ ಬಟ್ಟೆಯ ಚೂರು ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡಳು. ನಿಧಾನವಾಗಿ ಲೆಕ್ಕ ಹೇಳಿದಳು. ಆಗಲಿಲ್ಲ. ಗಟ್ಟಿಯಾಗಿ ಹೇಳಿದಳು. ಆಗಲಿಲ್ಲ. ಉಳಿದವರೆಲ್ಲ ಮನೆಗೆ ಹೋದ ಮೇಲೂ ಉಳಿಸಿಕೊಂಡು ಹೇಳಿದಳು. ದಾರಿ ಗೊತ್ತಿಲ್ಲದವನಿಗೆ ಅದೇ ಮಾತನ್ನು ಜೋರಾಗಿ ಕೂಗಿ ಹೇಳಿದರೆ ದಾರಿ ಸಿಕ್ಕೀತೇ? ದೀಪದ ಕಂಬ ಮುಗಿದು ಹಣತೆಯ ತೋಳುಗಳು ಕವಲೊಡೆಯುವ ಕಡೆ ಬಂದೊಡನೆ ರಾಚವ್ವನ ಸೂಜಿ ನಿಂತುಬಿಡುತ್ತಿತ್ತು. ತಂಗೆವ್ವ ಬಿಚ್ಚುವಳು. ರಾಚವ್ವ ಮತ್ತೆ ಹೊಲಿಯುವಳು. ಅಲ್ಲಿಗೇ ಬಂದು ಮತ್ತೆ ನಿಲ್ಲುವಳು.

ಒಂದು ಸಂಜೆ ತಂಗೆವ್ವನ ತಾಳ್ಮೆ ಮುಗಿಯಿತು.

“ಸಾಕು ಬಿಡವಾ. ನಿನ್ನ ಕೈಗೆ ಇದು ಒಲಿಯಾಂಗಿಲ್ಲ.”

ರಾಚವ್ವ ಅಳಲಿಲ್ಲ. ಸೂಜಿಯನ್ನು ಮೆಲ್ಲನೆ ಬಟ್ಟೆಗೆ ಚುಚ್ಚಿ ಇಟ್ಟಳು.

“ಹಂಗಾರ ನಮ್ಮಕ್ಕ ಕತ್ತಲ ಸೆರಗ ಹೊತಗೊಂಡ ಹೋಗಬೇಕೇನ್ರೀ?” ಎಂದು ಕೇಳಿದಳು.

ತಂಗೆವ್ವ ಆ ಬಟ್ಟೆಯ ಚೂರನ್ನು ಮಡಚಿ ಎತ್ತಿಟ್ಟಳು. ಆ ರಾತ್ರಿ ಆಕೆಗೆ ಊಟ ಸೇರಲಿಲ್ಲ. ಹುಡುಗಿಗೆ ಆಸೆ ಹುಟ್ಟಿಸಿ ಕೊನೆ ಗಳಿಗೆಯಲ್ಲಿ ಕೈಬಿಡುವುದಕ್ಕಿಂತ ಈಗಲೇ ಅಜ್ಜಿಗೆ ಹೇಳಿಬಿಡುವುದು ಮೇಲು ಎಂದು ಆಕೆ ತೀರ್ಮಾನಿಸಿದಳು.

ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಊರು ಇರಲಿಲ್ಲ. ರಾತ್ರಿ ಇಳಿದ ಮಂಜು ಹೊಲಗಳನ್ನೂ ಓಣಿಗಳನ್ನೂ ನುಂಗಿ ಕುಳಿತಿತ್ತು. ತಂಗೆವ್ವ ಸೆರಗು ಹೊದ್ದು ಹೊರಟಳು. ಹೆಜ್ಜೆ ಹಾಕಿದಂತೆ ಒಂದು ಬಾಗಿಲು ಕಾಣುವುದು, ಮಾಯವಾಗುವುದು. ಮುಂದೆ ಇನ್ನೊಂದು ಕಟ್ಟೆ ಕಾಣುವುದು, ಅದೂ ಮಾಯವಾಗುವುದು. ಎಲ್ಲಿಂದಲೋ ಎಮ್ಮೆಯ ಕೊರಳಗಂಟೆ, ಎಲ್ಲಿಂದಲೋ ಒಲೆಯ ಹೊಗೆಯ ವಾಸನೆ. ಒದ್ದೆಯಾದ ಕರಿಮಣ್ಣು ಕಾಲಿಗೆ ತಣ್ಣಗೆ ತಾಗುತ್ತಿತ್ತು. ತಾನೆಲ್ಲೋ ದೊಡ್ಡದೊಂದು ಚಂದ್ರಕಾಳಿ ಸೀರೆಯ ಮೇಲೆ ನಡೆಯುತ್ತಿದ್ದೇನೆ ಎಂದು ತಂಗೆವ್ವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನಗೇ ನಗು ಬಂತು.

ಆಗ ಮುಂದೆ ಒಂದು ಪುಟ್ಟ ಆಕಾರ ಕಂಡಿತು. ಸೊಂಟದ ಮೇಲೆ ಕೊಡ, ಕೈಯಲ್ಲಿ ಸೌಟು. ರಾಚವ್ವ. ಅವರ ಮನೆಯಲ್ಲಿ ಎಮ್ಮೆಗಳಿದ್ದವು. ಮಜ್ಜಿಗೆ ಕಡೆದ ದಿನ ಅಜ್ಜಿ ಓಣಿಯ ಮನೆಗಳಿಗೆಲ್ಲ ಒಂದೊಂದು ಸೌಟು ಹಂಚಿಸುತ್ತಿದ್ದಳು.

ತಂಗೆವ್ವ ಕೂಗಬೇಕೆಂದವಳು ಸುಮ್ಮನಾದಳು. ಹುಡುಗಿ ಏನೋ ವಿಚಿತ್ರ ಮಾಡುತ್ತಿದ್ದಳು. ಒಂದು ಮನೆಯ ಮುಂದೆ ನಿಂತು “ಮಜ್ಜಿಗೀ” ಎಂದು ಕೂಗಿ ಹೊಯ್ದಳು. ಪಕ್ಕದ ಮನೆಯನ್ನು ಹಾಗೇ ದಾಟಿದಳು. ಅದರ ಮುಂದಿನ ಮನೆಗೆ ಹೊಯ್ದಳು. ಮತ್ತೆ ಒಂದನ್ನು ದಾಟಿದಳು. ಪಾಪ, ಇಲ್ಲಿಯೂ ಲೆಕ್ಕ ತಪ್ಪುತ್ತಿದ್ದಾಳೆ, ಅರ್ಧ ಓಣಿಗೆ ಇವತ್ತು ಮಜ್ಜಿಗೆ ಇಲ್ಲ ಎಂದುಕೊಂಡಳು ತಂಗೆವ್ವ. ಅವಳ ಹಿಂದೆಯೇ ಸದ್ದಿಲ್ಲದೆ ನಡೆದಳು.

ಓಣಿ ಕವಲೊಡೆಯುವ ಕಡೆ ರಾಚವ್ವ ಎಡಗಡೆಯ ಸಂದಿಗೆ ಹೊಕ್ಕಳು. ಅಲ್ಲಿಯೂ ಒಂದು ಮನೆ ಬಿಟ್ಟು ಒಂದು ಮನೆ. ಸಂದಿಯ ಕೊನೆ ಮುಟ್ಟಿ ತಿರುಗಿದಳು. ಈಗ ಬಿಟ್ಟುಹೋದ ಬಾಗಿಲುಗಳಲ್ಲಿ ನಿಂತಳು, ಒಂದನ್ನೂ ಮರೆಯದೆ. ಮತ್ತೆ ಕವಲಿಗೆ ಬಂದು ಮೊದಲಿನ ದಾರಿ ಹಿಡಿದು ಊರಬಾಗಿಲಾದ ಅಗಸಿಯವರೆಗೆ ಹೋದಳು. ಅಲ್ಲಿಂದ ತಿರುಗಿ, ಬಿಟ್ಟ ಮನೆಗಳಿಗೆಲ್ಲ ಮಜ್ಜಿಗೆ ಹೊಯ್ಯುತ್ತಾ ತನ್ನ ಮನೆಯ ಕಡೆ ಬಂದಳು. ಕೊನೆಯ ಸೌಟು ಪಕ್ಕದ ಮನೆಗೆ. ಕೊಡ ಖಾಲಿ, ಎದುರಿಗೆ ತನ್ನ ಹೊಸ್ತಿಲು.

ತಂಗೆವ್ವ ನಿಂತಲ್ಲೇ ನಿಂತಳು.

“ರಾಚವ್ವಾ!”

ಹುಡುಗಿ ಬೆಚ್ಚಿ ತಿರುಗಿದಳು. “ಅಕ್ಕೋರ, ನೀವ್ಯಾವಾಗ ಬಂದ್ರಿ?”

“ಅದಿರಲಿ. ಹೋಗೂ ಮುಂದ ಒಂದೊಂದು ಮನಿ ಯಾಕ ಬಿಟ್ಟಿ?”

ರಾಚವ್ವ ನಾಚಿದಳು. ತಪ್ಪು ಮಾಡಿ ಸಿಕ್ಕಿಬಿದ್ದಂತೆ ಸೌಟನ್ನು ಹಿಂದೆ ಅಡಗಿಸಿದಳು.

“ಹೋಗೂ ಮುಂದ ಎಲ್ಲಾರಿಗೂ ಹೊಯ್ದಬಿಟ್ಟರ, ಬರೂ ಮುಂದ ಬರೇ ದಾರಿ ಇರತೈತ್ರಿ. ಯಾರ ಬಾಗಲದಾಗೂ ನಿಂದ್ರೂದು ಇರಂಗಿಲ್ಲ. ನನಗ ಬರೇ ದಾರ್ಯಾಗ ಮನಿಗೆ ಬರಾಕ ಸೇರಂಗಿಲ್ರಿ. ಅದಕ್ಕ ಅರ್ಧ ಮನಿ ಬರೂ ಮುಂದ ಇರಲಿ ಅಂತ ಇಟ್ಕೋತೀನಿ.”

“ಯಾವ ಮನಿ ಬಿಟ್ಟೀನಿ ಅನ್ನೂದು ಮರಿಯೂದಿಲ್ಲೇನು?”

“ಕಾಲಿಗೆ ಗೊತ್ತಿರತೈತ್ರಿ,” ಎಂದಳು ರಾಚವ್ವ, ಅದೊಂದು ಕೇಳುವ ಮಾತೇ ಎಂಬಂತೆ.

ತಾಯಿಯಿಲ್ಲದ ಮಗುವೊಂದು ಬರಿದಾದ ದಾರಿಯನ್ನು ತುಂಬಿಕೊಳ್ಳಲು ತನ್ನಷ್ಟಕ್ಕೆ ಗವಂತಿ ಕಲಿತುಬಿಟ್ಟಿತ್ತು. ತಂಗೆವ್ವನೋ ಅದೇ ಕಾಲುಗಳಿಗೆ ಸುಮ್ಮನಿರಲು ಹೇಳುತ್ತಾ ಬಂದಿದ್ದಳು! ಆಕೆಯ ಕಣ್ಣು ತುಂಬಿದವು.

“ಯಾರು ಬಾಗಲದಾಗ?” ಒಳಗಿಂದ ಅಜ್ಜಿಯ ದನಿ. “ತಂಗೆವ್ವಾ, ನೀನೇನವಾ? ಇಷ್ಟ ಮುಂಜಾನೆ ಯಾಕ ಬಂದಿ?”

“ಏನಿಲ್ಲಬೇ,” ಎಂದಳು ತಂಗೆವ್ವ. “ಮಜ್ಜಿಗಿ ಕುಡಿಯೂಣು ಅಂತ ಬಂದೆ.”

“ಕೊಡ ಬರಿದಾಗೈತ್ರಿ,” ಎಂದಳು ರಾಚವ್ವ.

“ಆಗಲಿ ಬಿಡು. ನನ್ನ ಹೊಟ್ಟಿ ತುಂಬೈತಿ.”

ಅಂದೇ ಮಧ್ಯಾಹ್ನ ತಂಗೆವ್ವ ತನ್ನ ಅಂಗಳವನ್ನು ಸಗಣಿ ಹಾಕಿ ಸಾರಿಸಿ, ರಂಗೋಲಿ ಹಿಟ್ಟಿನಲ್ಲಿ ಒಂದು ದೊಡ್ಡ ದೀಪ ಬರೆದಳು. ಒಂದೊಂದು ಹೊಲಿಗೆಗೂ ಒಂದೊಂದು ಗೆರೆ. “ಇವು ಮನಿಗೋಳು,” ಎಂದಳು ರಾಚವ್ವನಿಗೆ. “ಕಂಬ ಅಂದ್ರ ದೊಡ್ಡ ಓಣಿ. ಹಣತಿ ತೋಳು ಅಂದ್ರ ಸಂದಿ. ಹಂಚಿ ಬಾ ನೋಡೂಣು.”

ರಾಚವ್ವ ಒಂದು ಕ್ಷಣ ಆ ಬಿಳಿ ಊರನ್ನು ನೋಡಿದಳು. ಆಮೇಲೆ ನಡೆದಳು. ಕೈಯಲ್ಲಿ ಇಲ್ಲದ ಸೌಟಿನಿಂದ ಇಲ್ಲದ ಮಜ್ಜಿಗೆ ಹೊಯ್ಯುತ್ತಾ, ಒಂದು ಗೆರೆಯ ಮೇಲೆ ಹೆಜ್ಜೆಯಿಟ್ಟು ಒಂದನ್ನು ದಾಟುತ್ತಾ, ಕವಲಿನಲ್ಲಿ ಒಳಹೊಕ್ಕು ಹೊರಬಂದು, ತುದಿ ಮುಟ್ಟಿ ತಿರುಗಿ, ಹೊರಟಲ್ಲಿಗೇ ಬಂದು ನಿಂತಳು. ಎಲ್ಲಿಯೂ ತಡವರಿಸಲಿಲ್ಲ. ಮತ್ತೆ ನಡೆದಳು. ಆಮೇಲೆ ಕಟ್ಟೆಯ ಮೇಲೆ ಕುಳಿತು ಬಟ್ಟೆಯ ಚೂರು ಕೈಗೆತ್ತಿಕೊಂಡಳು. ಲಂಗದ ಕೆಳಗೆ ಕಾಲ್ಬೆರಳು ಆಡತೊಡಗಿದವು, ಮೇಲೆ ಸೂಜಿ ನಡೆಯತೊಡಗಿತು. ಯಾವಾಗಲೂ ಅವಳ ಸೂಜಿ ನಿಲ್ಲುತ್ತಿದ್ದ ಕವಲು ಬಂತು. ಬೆರಳು ಒಳಹೊಕ್ಕು ಹೊರಬಂದವು, ಸೂಜಿಯೂ ಹಿಂದೆಯೇ ಒಳಹೊಕ್ಕು ಹೊರಬಂತು.

ಇಲ್ಲಿಗೇ ಕತೆ ಮುಗಿಸಿದ್ದರೆ ತಂಗೆವ್ವನಿಗೆ ಒಳ್ಳೆಯ ಹೆಸರು ಉಳಿಯುತ್ತಿತ್ತು. ಆದರೆ ಹೊಸದೊಂದು ಉಪಾಯ ಕೈಗೆ ಸಿಕ್ಕ ಗುರು ಎಲ್ಲಾದರೂ ಸುಮ್ಮನೆ ಕೂರುವುದುಂಟೇ? ಮಾರನೆಯ ದಿನ ಆಕೆ ಎಲ್ಲ ಹುಡುಗಿಯರನ್ನೂ ಅಂಗಳಕ್ಕೆ ಎಬ್ಬಿಸಿದಳು.

“ಇನ್ನ ಮ್ಯಾಲ ರಾಗ ಇಲ್ಲ. ಎಲ್ಲಾರೂ ನಡೀರಿ!”

ಹುಡುಗಿಯರು ನಡೆದರು. ಸಾಲಿ ಎಂಬುದು ಸಂತೆಯಾಯಿತು. ಒಬ್ಬಳ ಕಾಲು ಇನ್ನೊಬ್ಬಳು ತುಳಿದಳು, ಹಿಟ್ಟಿನ ಗೆರೆಯೆಲ್ಲ ಅಳಿಸಿತು, ಪಾರಿವಾಳಗಳು ಗಾಬರಿಯಿಂದ ಹಾರಿಹೋದವು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ನಕ್ಕರು. “ತಂಗೆವ್ವಾ, ಕಸೂತಿ ಕಲಸಾಕತ್ತೀಯೋ, ಕುಣಿಯೂದ ಕಲಸಾಕತ್ತೀಯೋ?” ತಂಗೆವ್ವ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಸಂಜೆ ಎಲ್ಲರ ಹೊಲಿಗೆ ನೋಡಿದಳು. ರಾಚವ್ವನದು ಸರಿಯಿತ್ತು. ಹುಸೇನಬಿಯ ಬಟ್ಟೆಯ ಹಿಂಭಾಗದಲ್ಲಿ ಮಾತ್ರ ಒಂದು ಗಂಟು ಕುಳಿತಿತ್ತು.

ಸಾಲಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಸೇನಬಿ ಮುಖ ಮುಚ್ಚಿಕೊಂಡು ಅತ್ತಳು.

“ನನಗ ಮೊದಲ ಚಲೋ ತಿಳೀತಿತ್ರಿ, ಅಕ್ಕೋರ. ಈಗ ಈ ಕಾಲಿನ ಗದ್ದಲದಾಗ ಲೆಕ್ಕನ ಕೇಳವಲ್ದು.”

ತಂಗೆವ್ವ ಆ ಗಂಟನ್ನು ಬೆರಳಿನಿಂದ ಸವರಿ ನೋಡಿದಳು. ರಾಚವ್ವನಿಗೆ ತಾನು ಅಷ್ಟು ದಿನ ಮಾಡಿದ್ದನ್ನೇ ಒಂದೇ ದಿನದಲ್ಲಿ ಹುಸೇನಬಿಗೆ ಮಾಡಿಬಿಟ್ಟಿದ್ದಳು. ಎಲ್ಲರನ್ನೂ ಒಂದು ಓಣಿಯಿಂದ ಎಬ್ಬಿಸಿ ಇನ್ನೊಂದು ಓಣಿಗೆ ಅಟ್ಟಿದ್ದಳು, ಅಷ್ಟೇ. ಆಕೆಗೆ ತನ್ನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ನಗುವೂ ಬಂತು.

“ತಪ್ಪು ನಂದವಾ,” ಎಂದು ಹುಸೇನಬಿಯ ಕಣ್ಣೊರೆಸಿದಳು. “ನೀ ಕೇಳಿ ಕಲಿಯಾಕಿ. ನಿನಗ ನಾಳೆ ರಾಗನ.”

ಆಮೇಲೆ ದ್ಯಾಮವ್ವನ ಕಡೆ ತಿರುಗಿದಳು. ಹಿಂದೆಂದೂ ಯಾವ ಹುಡುಗಿಗೂ ಕೇಳದ ಪ್ರಶ್ನೆ ಕೇಳಿದಳು. “ನಿನಗ ಹೆಂಗ ತಿಳೀತೈತಿ ಹೇಳು.”

ದ್ಯಾಮವ್ವ ಗಲಿಬಿಲಿಗೊಂಡಳು. ಗುರು ಹೀಗೂ ಕೇಳಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ. ಮೆಲ್ಲಗೆ ಹೇಳಿದಳು. “ರಾಗಾನೂ ಬ್ಯಾಡ್ರಿ, ನಡಿಯೂದೂ ಬ್ಯಾಡ್ರಿ. ಹೊಲಿದದ್ದು ಒಂದು ಕೊಡ್ರಿ. ಬಿಸಿಲಿಗೆ ಹಿಡದು ನೋಡತೀನಿ. ಯಾರೂ ಮಾತಾಡಸಬಾರದು.”

ಹಾಗೆ ಆ ಸಾಲಿ ಬದಲಾಯಿತು. ಒಂದು ಮೂಲೆಯಲ್ಲಿ ಹುಸೇನಬಿಯ ಸುತ್ತ ಕೆಲವರು ಗುನುಗುತ್ತಾ ಹೊಲಿಯುವರು. ಬಾಗಿಲ ಬಳಿ ದ್ಯಾಮವ್ವ ಹಳೆಯ ಸೆರಗನ್ನು ಬಿಸಿಲಿಗೆ ಹಿಡಿದು ತಾಸುಗಟ್ಟಲೆ ಸುಮ್ಮನೆ ನೋಡುವಳು. ಸೋಮಾರಿ ಎಂದು ಬೈಯುವಷ್ಟು ಸುಮ್ಮನೆ. ಆಮೇಲೆ ಇದ್ದಕ್ಕಿದ್ದಂತೆ ಸೂಜಿ ಎತ್ತಿಕೊಂಡರೆ ನವಿಲು ಮುಗಿದೇ ಬಿಡುತ್ತಿತ್ತು. ಅಂಗಳದಲ್ಲಿ ರಾಚವ್ವ ಮತ್ತು ಇನ್ನೂ ಚಿಕ್ಕವರು ಬಿಳಿ ಗೆರೆಗಳ ಮೇಲೆ ನಡೆಯುವರು. ತಂಗೆವ್ವನಿಗೆ ಕೆಲಸ ಹೆಚ್ಚಾಯಿತು. ಮೊದಲು ಒಂದು ಕಡೆ ಕುಳಿತು ರಾಗ ಹೇಳಿದರೆ ಮುಗಿಯುತ್ತಿತ್ತು, ಈಗ ಮೂಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಂಗಳಕ್ಕೆ ಓಡಾಡಬೇಕು. ಸಂಜೆ ಮೊಣಕಾಲು ನೋಯುತ್ತಿತ್ತು. ನೋವಿನ ಜೊತೆ ಏನೋ ಒಂದು ಹಗುರವೂ ಇರುತ್ತಿತ್ತು.

ಶಿವಕ್ಕನ ಸೀರೆ ತುಂಬುತ್ತಾ ಬಂತು. ಆನೆ ಬಂದವು, ನವಿಲು ಬಂದವು, ತುಳಸಿಕಟ್ಟೆ ಬಂತು. ಮದುವೆಯ ಹಂದರ ಹಾಕುವ ದಿನ ಸೆರಗಿನ ನಡುವಿನ ಕಪ್ಪು ಜಾಗವೊಂದೇ ಉಳಿದಿತ್ತು. ರಾಚವ್ವ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಕುಳಿತಳು. ಅದು ಬಟ್ಟೆಯ ಚೂರಲ್ಲ, ಅಕ್ಕನ ಸೀರೆ. ತಪ್ಪಿದರೆ ಬಿಚ್ಚಿದ ಗುರುತು ಉಳಿಯುತ್ತದೆ. ಪಡಸಾಲೆಯಲ್ಲಿ ಹುಡುಗಿಯರೂ ಶಿವಕ್ಕನೂ ಸುತ್ತ ಬಾಗಿ ನೋಡುತ್ತಿದ್ದರು.

ಅವಳು ಸೂಜಿ ಇಳಿಸಿದ್ದನ್ನು ನೋಡಿ ತಂಗೆವ್ವನ ಎದೆ ಧಸಕ್ಕೆಂದಿತು. ದೀಪವನ್ನು ಯಾವಾಗಲೂ ಬುಡದಿಂದ ಶುರು ಮಾಡಬೇಕು. ಆಕೆಯ ಗುರುವಿನ ಲೆಕ್ಕ ಹಾಗೆ, ಗುರುವಿನ ಗುರುವಿನದೂ ಹಾಗೇ. ಹುಡುಗಿ ತುದಿಯಿಂದ, ಉರಿಯ ಕುಡಿಯಿಂದ ಹೊರಟಿದ್ದಳು. “ಅಲ್ಲಲ್ಲ” ಎಂಬ ಮಾತು ಬಾಯಿಯವರೆಗೆ ಬಂತು. ತಂಗೆವ್ವ ತುಟಿ ಕಚ್ಚಿ ಅದನ್ನು ನುಂಗಿಕೊಂಡಳು.

ರಾಚವ್ವನ ಕಣ್ಣು ಅರ್ಧ ಮುಚ್ಚಿದ್ದವು. ಕಾಲ್ಬೆರಳು ಆಡುತ್ತಿದ್ದವು. ಅವಳು ಅಲ್ಲಿ ಇರಲೇ ಇಲ್ಲ, ಎಲ್ಲೋ ಮಂಜಿನ ಓಣಿಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಹೋಗುತ್ತಿದ್ದಳು. ಸೂಜಿ ಕೆಳಗಿಳಿಯಿತು, ಕವಲುಗಳಲ್ಲಿ ಹೊಕ್ಕು ಬಂತು, ಬುಡ ಮುಟ್ಟಿತು, ತಿರುಗಿತು. ಬಿಟ್ಟ ಜಾಗಗಳು ಒಂದೊಂದಾಗಿ ತುಂಬಿದವು. ಬಿಸಿಲು ಗೋಡೆಯಿಂದ ಇಳಿದು ಹೊಸ್ತಿಲು ದಾಟುವ ಹೊತ್ತಿಗೆ ಸೂಜಿ ಹೊರಟಲ್ಲಿಗೇ ಬಂದು ನಿಂತಿತು.

ಶಿವಕ್ಕ ಸೆರಗನ್ನು ತಿರುವಿದಳು. ಹಿಂದೆಯೂ ಅದೇ ದೀಪ. ಗಂಟಿಲ್ಲ. ಅವಳು ತಂಗಿಯನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ರಾಚವ್ವ ಮಾತ್ರ ಗಾಬರಿಯಾಗಿ, “ಅಳಬ್ಯಾಡಬೇ, ಕಣ್ಣೀರ ಬಿದ್ದರ ಬಣ್ಣ ಬಿಡತೈತಿ,” ಎಂದು ಸೀರೆಯನ್ನು ಆಚೆ ಎಳೆದುಕೊಂಡಳು.

ಮದುವೆ ಮುಗಿಯಿತು. ಸೆರಗಿನ ನಡುವೆ ದೀಪ ಹೊತ್ತು ಶಿವಕ್ಕ ಗಂಡನ ಊರಿಗೆ ಹೋದಳು. ಬೀಗರ ಕಡೆಯ ಹಿರಿಯಳೊಬ್ಬಳು ಸೆರಗನ್ನು ಹಿಂದೆ ಮುಂದೆ ತಿರುವಿ ನೋಡಿ, “ಎಲ್ಲಾ ಒಂದ ಕೈಲಿಂದ ಹೊಲಿದಂಗೈತಿ,” ಎಂದಿದ್ದಳಂತೆ.

ಗದ್ದಲವೆಲ್ಲ ಇಳಿದ ಮೇಲೆ ಒಂದು ಮಧ್ಯಾಹ್ನ ತಂಗೆವ್ವ ರಾಚವ್ವನನ್ನು ಕರೆದಳು. ಅಂಗಳದಲ್ಲಿ ಬಿಳಿ ದೀಪ ಬರೆದೇ ಇತ್ತು.

“ಆವತ್ತು ಕುಡಿಯಿಂದ ಯಾಕ ಹೊಂಟಿ? ನಾ ಹೇಳಿಕೊಟ್ಟಿದ್ದು ಬುಡದಿಂದಲ್ಲೇನು?”

“ಮನಿಯಿಂದನ ಹೊಂಡಬೇಕಲ್ರಿ,” ಎಂದಳು ರಾಚವ್ವ. “ದೀಪ ಉರಿಯೂದು ಮನ್ಯಾಗಲ್ರಿ? ಅದಕ್ಕ ಕುಡಿನ ನಮ್ಮ ಮನಿ.”

ತಂಗೆವ್ವ ಅಂಗಳದ ದೀಪದ ಕುಡಿಯನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಸೀರೆಯ ನೆರಿಗೆ ಎತ್ತಿ ಹಿಡಿದಳು. “ಆ ದಾರಿ ನನಗ ಗೊತ್ತಿಲ್ಲವಾ. ನನಗೊಮ್ಮೆ ಕಲಸು.”

ರಾಚವ್ವ ನಕ್ಕಳು, ಆಮೇಲೆ ಅಕ್ಕೋರು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಗೆರೆಯ ಮೇಲೆ ನಿಂತಳು. ಮುಂದೆ ಮುಂದೆ ನಡೆದು ತೋರಿಸಿದಳು. ತಂಗೆವ್ವ ಹಿಂದೆ ನಡೆದಳು. ಒಂದು ಗೆರೆ ತುಳಿದಳು, ಒಂದು ಬಿಟ್ಟಳು, ಕವಲಿಗೆ ಬರುವಷ್ಟರಲ್ಲಿ ಯಾವುದು ಬಿಟ್ಟದ್ದು ಯಾವುದು ತುಳಿದದ್ದು ಎಂಬುದೇ ಕಲಸಿಹೋಯಿತು. ಮತ್ತೆ ನಡೆದಳು. ಅಲ್ಲಿಗೇ ಬಂದು ಮತ್ತೆ ನಿಂತಳು. ಜೀವಮಾನವೆಲ್ಲ ಕಸೂತಿ ಹಾಕಿದ ಆಕೆಯ ಕಾಲಿಗೆ ಏನೂ ಗೊತ್ತಿರಲಿಲ್ಲ. ಓಣಿಯವರು ನೋಡುತ್ತಿದ್ದರು. ಆಕೆಯ ಮುಖ ಕೆಂಪಾಯಿತು.

“ನನಗ ಇದು ಆಗೂದಿಲ್ಲವಾ,” ಎಂದಳು.

ರಾಚವ್ವ ಗೆರೆ ದಾಟಿ ಬಂದು ಆಕೆಯ ಕೈ ಹಿಡಿದಳು.

“ಅವಸರ ಮಾಡಬ್ಯಾಡ್ರಿ ಅಕ್ಕೋರ. ನೀವು ಕೇಳಿ ಕಲಿಯಾವ್ರು.”

ಮತ್ತೆ ಕುಡಿಯ ಬಳಿ ಕರೆದೊಯ್ದು ನಿಲ್ಲಿಸಿದಳು. ತನ್ನ ಕಾಲುಗಳನ್ನು ನೋಡಿಕೊಂಡಳು. ಹೆಜ್ಜೆಗೊಂದು ಮಾತಿನಂತೆ, ತಡವರಿಸುತ್ತಾ, ಎಂದೂ ತನ್ನ ಬಾಯಲ್ಲಿ ನಿಲ್ಲದ ಲೆಕ್ಕವನ್ನು ಕಾಲಿನಿಂದ ಒಂದೊಂದಾಗಿ ಎತ್ತಿಕೊಂಡು, ತನ್ನ ಗುರುವಿಗಾಗಿ ರಾಗವಾಗಿ ಹೇಳತೊಡಗಿದಳು.

“ನಾಕು ಎಳಿ ಕೆಳಗ... ನಾಕು ಎಳಿ ಬಿಡ್ರಿ... ನಾಕು ಎಳಿ ಎಡಕ...”

ತಂಗೆವ್ವ ಕಣ್ಣು ಮುಚ್ಚಿದಳು. ದಾರಿ ಕಾಣಿಸಿತು. ನಡೆದಳು.

ನೀತಿ: ತಾನು ಕಲಿತ ದಾರಿಯಲ್ಲೇ ಎಲ್ಲರೂ ಕಲಿಯಬೇಕೆಂದು ಹಟ ಹಿಡಿಯುವವರಿಂದ ಎಷ್ಟೋ ಮಕ್ಕಳು ದಡ್ಡರೆನಿಸಿಕೊಳ್ಳುತ್ತಾರೆ. ಒಂದು ಮಗು ಕೇಳಿ ಕಲಿಯುತ್ತದೆ, ಒಂದು ನೋಡಿ ಕಲಿಯುತ್ತದೆ, ಇನ್ನೊಂದಕ್ಕೆ ನಡೆದಾಡಿದರೆ ಮಾತ್ರ ತಿಳಿಯುತ್ತದೆ. ಹಳೆಯ ದಾರಿಯನ್ನಾಗಲಿ ಹೊಸ ದಾರಿಯನ್ನಾಗಲಿ ಎಲ್ಲರ ಮೇಲೂ ಹೇರದೆ, “ನಿನಗೆ ಹೇಗೆ ತಿಳಿಯುತ್ತದೆ?” ಎಂದು ಕೇಳುವವರೇ ನಿಜವಾದ ಗುರು. ಹಾಗೆ ಕೇಳಿಸಿಕೊಂಡು ಬೆಳೆದ ಮಗು ಮುಂದೊಂದು ದಿನ ಇನ್ನೊಬ್ಬರಿಗೂ ಹಾಗೆಯೇ ಕಲಿಸುತ್ತದೆ.